ದವಡೆಯಡಿಯ ಗ್ರಂಥಿ, ಅರವತ್ತೈದು ವರ್ಷದ ನೆನಪು

ಕೇಳುಗರೆಲ್ಲರಿಗೂ ನಮಸ್ಕಾರ.

ರೋಗನಿರೋಧಕ ಶಕ್ತಿಯ ಬಗ್ಗೆ ಮಾತನಾಡಬೇಕೆಂದು ಬಾನುಲಿಯವರು ಕರೆದಿದ್ದಾರೆ. ಸಂತೋಷದಿಂದಲೇ ಬಂದಿದ್ದೇನೆ. ಆದರೆ ಆ ಹೆಸರಿನ ಮೇಲೆಯೇ ನನ್ನದೊಂದು ತಕರಾರಿದೆ. ‘ಶಕ್ತಿ’ ಎಂದೊಡನೆ ನಮ್ಮ ಮನಸ್ಸು ತೋಳ್ಬಲದ ಕಡೆಗೆ ಹೋಗುತ್ತದೆ. ಏನನ್ನಾದರೂ ಕುಡಿದು, ನುಂಗಿ, ಹೆಚ್ಚಿಸಿಕೊಳ್ಳಬಹುದು ಎನಿಸುತ್ತದೆ. ‘ಡಾಕ್ಟರೇ, ಇಮ್ಯೂನಿಟಿ ಹೆಚ್ಚಾಗಲು ಏನು ತೆಗೆದುಕೊಳ್ಳಲಿ?’ ಎಂದು ಕೇಳದವರೇ ಇಲ್ಲ. ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ನಿಮ್ಮನ್ನು ಕಾಯುವುದು ಶಕ್ತಿಗಿಂತ ಹೆಚ್ಚಾಗಿ ನೆನಪು. ಇಂದು ಈ ಮಾತನ್ನು ನಾಲ್ಕೈದು ಸಲ ಹೇಳಿಯೇ ತೀರುತ್ತೇನೆ, ಸಹಿಸಿಕೊಳ್ಳಿ.

ಈ ನೆನಪು ಎಲ್ಲಿ ಹುಟ್ಟುತ್ತದೆ? ಕೇಳುತ್ತಿರುವಂತೆಯೇ ಎರಡು ಬೆರಳನ್ನು ದವಡೆಯ ಮೂಲೆಯ ಕೆಳಗಿಟ್ಟು ಮೆಲ್ಲಗೆ ಒತ್ತಿ ನೋಡಿ. ಗಂಟಲು ನೋವು ಬಂದಾಗ ಅಲ್ಲಿ ಕಾಳಿನಂಥ ಗಂಟೊಂದು ಕೈಗೆ ಸಿಗುತ್ತದೆ, ಬೆರಳಡಿಯಲ್ಲಿ ಜಾರುತ್ತದೆ. ಅದೇ ದುಗ್ಧಗ್ರಂಥಿ. ಕುತ್ತಿಗೆ, ಕಂಕುಳು, ತೊಡೆಸಂದು, ಎದೆ, ಹೊಟ್ಟೆ ಎಲ್ಲ ಸೇರಿ ಇಂಥವು ಒಂದು ದೇಹದಲ್ಲಿ ಐನೂರಕ್ಕೂ ಮಿಕ್ಕಿ ಇವೆ.

ಇವುಗಳಿಗೆ ಸುದ್ದಿ ತಲುಪಿಸುವುದು ದುಗ್ಧರಸ. ರಕ್ತದ ಸೂಕ್ಷ್ಮ ನಾಳಗಳಿಂದ ನೀರು ಸದಾ ಹೊರಕ್ಕೆ ಜಿನುಗುತ್ತಿರುತ್ತದೆ. ಜೀವಕೋಶಗಳನ್ನು ತೊಯ್ಯಿಸಿದ ಆ ನೀರನ್ನು ದುಗ್ಧನಾಳಗಳು ಹೀರಿ, ಗ್ರಂಥಿಗಳಲ್ಲಿ ಸೋಸಿ, ಕತ್ತಿನ ಬುಡದ ದೊಡ್ಡ ರಕ್ತನಾಳಗಳಿಗೆ ಮರಳಿಸುತ್ತವೆ. ಇದಕ್ಕೆ ಹೃದಯದಂಥ ಪಂಪು ಇಲ್ಲ. ನಾಳದ ಗೋಡೆ ತಾನೇ ಮೆಲ್ಲನೆ ಹಿಂಡುತ್ತದೆ. ಉಳಿದಂತೆ ನಿಮ್ಮ ನಡಿಗೆ ಮತ್ತು ಉಸಿರಾಟವೇ ಅದನ್ನು ಮುಂದಕ್ಕೆ ತಳ್ಳಬೇಕು. ದುಗ್ಧ ಎಂದರೆ ಹಾಲು ತಾನೇ? 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ, ಆಗಷ್ಟೇ ತಿಂದಿದ್ದ ನಾಯಿಯೊಂದರ ಹೊಟ್ಟೆ ಸೀಳಿದಾಗ ಕರುಳಿನ ಸುತ್ತ ಬಿಳಿಯ ಗೆರೆಗಳನ್ನು ಕಂಡ. ಊಟದ ಕೊಬ್ಬನ್ನು ಹೊತ್ತು ಹಾಲಿನಂತಾದ ರಸವದು. ಉಳಿದ ಕಡೆ ದುಗ್ಧರಸಕ್ಕೆ ಹಾಲಿನ ಬಣ್ಣವಿಲ್ಲ, ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ.

ಈಗ ಪಾದಕ್ಕೊಂದು ಮುಳ್ಳು ಚುಚ್ಚಿತು ಎನ್ನಿ. ಚರ್ಮದಲ್ಲಿ ಕೊಂಬೆಗಳಂತೆ ಕೈ ಚಾಚಿಕೊಂಡು ಕಾದಿರುವ ಒಂದು ಬಗೆಯ ಕೋಶಗಳಿವೆ. ಅವು ಒಳಬಂದ ರೋಗಾಣುವನ್ನು ನುಂಗಿ, ಒಡೆದು, ಅದರ ಚೂರೊಂದನ್ನು ಮೈಮೇಲೆ ತೂಗುಹಾಕಿಕೊಂಡು ದುಗ್ಧನಾಳದಲ್ಲಿ ತೇಲುತ್ತ ತೊಡೆಸಂದಿನ ಗ್ರಂಥಿಗೆ ಬರುತ್ತವೆ. ಅಲ್ಲಿ ಬಿಳಿ ರಕ್ತಕಣಗಳು ಒಂದರ ಹಿಂದೊಂದು ಬಂದು ಆ ಚೂರನ್ನು ಮುಟ್ಟಿ ನೋಡುತ್ತವೆ. ಪ್ರತಿಯೊಂದಕ್ಕೂ ಒಂದೇ ಒಂದು ಗುರುತು ಗೊತ್ತು. ಲಕ್ಷ ಕಣಗಳಲ್ಲಿ ಎಲ್ಲೋ ಒಂದಕ್ಕೆ ಆ ಚೂರು ಹೊಂದುತ್ತದೆ. ಹೊಂದಿದ ಕಣ ಎರಡಾಗುತ್ತದೆ, ನಾಲ್ಕಾಗುತ್ತದೆ, ದಿನಗಳಲ್ಲಿ ಸಾವಿರಾರಾಗುತ್ತದೆ. ಗಂಟು ಊದುವುದು ಇದಕ್ಕಾಗಿ. ಮೊದಲ ಸಲದ ರೋಗಕ್ಕೆ ತಕ್ಕ ಸೈನ್ಯ ಏಳಲು ವಾರ ಹಿಡಿಯುವುದೂ ಇದಕ್ಕಾಗಿಯೇ. ಜಗಳ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ, ಕೆಲವು ಉಳಿಯುತ್ತವೆ. ಹಾಗೆ ಉಳಿದವೇ ನೆನಪು.

ಅದು ಎಷ್ಟು ಕಾಲ ಉಳಿಯಬಲ್ಲದು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಒಂದು ಕಥೆ ಹೇಳದೆ ಇರಲಾಗುವುದಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಫ್ಯಾರೋ ಎಂಬ ದ್ವೀಪಗಳಿವೆ. 1846ರಲ್ಲಿ ಕೋಪನ್‌ಹೇಗನ್ನಿನಿಂದ ಬಂದ ಬಡಗಿಯೊಬ್ಬನ ಜೊತೆ ಅಲ್ಲಿಗೆ ದಡಾರ ಬಂದಿತು. ಸುಮಾರು 7,800 ಜನರಿದ್ದ ನಾಡಿನಲ್ಲಿ ಕೆಲವೇ ತಿಂಗಳಲ್ಲಿ ಆರು ಸಾವಿರದಷ್ಟು ಜನ ಮಲಗಿದರು. ಡೆನ್ಮಾರ್ಕಿನ ಸರ್ಕಾರ ಕಳುಹಿಸಿದ ವೈದ್ಯರಲ್ಲಿ ಒಬ್ಬ ಪೀಟರ್ ಲುಡ್ವಿಗ್ ಪಾನಮ್, ಆಗ ಇಪ್ಪತ್ತೈದರ ತರುಣ. ಆ ಕಾಲದಲ್ಲಿ ವೈರಸ್ ಎಂದರೇನೆಂದು ಯಾರಿಗೂ ತಿಳಿಯದು. ಪಾನಮ್ ಮಾಡಿದ್ದು ಒಂದೇ ಕೆಲಸ: ಊರಿಂದ ಊರಿಗೆ ಹೋಗಿ ಜನರನ್ನು ಕೇಳುವುದು, ದಿನಾಂಕ ಬರೆದುಕೊಳ್ಳುವುದು.

ತ್ಯೊರ್ನುವಿಕ್ ಎಂಬ ಹಳ್ಳಿಯ ಹತ್ತು ಗಂಡಸರು ಒಂದೇ ದೋಣಿಯಲ್ಲಿ ಜೂನ್ 4ರಂದು ಬೇರೊಂದು ಊರಿಗೆ ತಿಮಿಂಗಿಲ ಬೇಟೆಗೆ ಹೋಗಿದ್ದರು. ಜೂನ್ 18ರಂದು ಹತ್ತೂ ಜನರ ಮೈಮೇಲೆ ಗುಳ್ಳೆ ಎದ್ದವು, ಒಬ್ಬನೂ ತಪ್ಪಲಿಲ್ಲ. ಅಲ್ಲಿಂದ ಹನ್ನೆರಡರಿಂದ ಹದಿನಾರು ದಿನಕ್ಕೆ ಊರಿನ ಉಳಿದವರ ಸರದಿ. ಸೋಂಕು ತಗುಲಿ ಗುಳ್ಳೆ ಏಳಲು ಹೆಚ್ಚುಕಡಿಮೆ ಹದಿನಾಲ್ಕು ದಿನ ಬೇಕೆಂದು ಪಾನಮ್ ಹೀಗೆ ಕಂಡುಕೊಂಡ. ಆದರೆ ನನ್ನ ಮೈ ಜುಮ್ಮೆನ್ನುವುದು ಇನ್ನೊಂದು ಸಂಗತಿಗೆ. ಇದಕ್ಕೆ ಮುಂಚೆ ಆ ದ್ವೀಪಗಳಿಗೆ ದಡಾರ ಬಂದಿದ್ದದ್ದು 1781ರಲ್ಲಿ. ನಡುವೆ ಅರವತ್ತೈದು ವರ್ಷ ರೋಗದ ಸುಳಿವಿಲ್ಲ. ಹುಡುಗರಾಗಿದ್ದಾಗ ದಡಾರ ಕಂಡಿದ್ದ ಮುದುಕರು ಇನ್ನೂ ಬದುಕಿದ್ದರು. ಅಂಥ 98 ಜನರನ್ನು ಪಾನಮ್ ತಾನೇ ನೋಡಿದ. ಮನೆಯವರೆಲ್ಲ ಮಲಗಿದರೂ ಅವರಲ್ಲಿ ಒಬ್ಬರಿಗೂ ದಡಾರ ಮರಳಲಿಲ್ಲ. ವಯಸ್ಸಾದವರಿಗೆ ದಡಾರ ಬರುವುದೇ ಇಲ್ಲವೇನೋ ಎಂದು ನೀವು ಕೇಳಬಹುದು. ಅವನೂ ಕೇಳಿಕೊಂಡ. ಚಿಕ್ಕಂದಿನಲ್ಲಿ ದಡಾರ ಬಾರದಿದ್ದ ಮುದುಕರು ಸೋಂಕಿಗೆ ಸಿಕ್ಕಾಗ ಮಲಗಿಯೇ ಮಲಗಿದರು.

ಯೋಚಿಸಿ ನೋಡಿ. ಎಪ್ಪತ್ತು ದಾಟಿ, ತೋಳಿನ ಬಲವೆಲ್ಲ ಇಳಿದ ದೇಹಗಳವು. ಮಗ್ಗುಲಲ್ಲಿ ಮಲಗಿದ್ದ ಗಟ್ಟಿಮುಟ್ಟಾದ ಮೊಮ್ಮಕ್ಕಳಿಗೆ ಇಲ್ಲದ ಯಾವ ಶಕ್ತಿ ಅವರಲ್ಲಿತ್ತು? ನೆನಪಿತ್ತು, ಅಷ್ಟೇ.

ಲಸಿಕೆ ಕೊಡುವುದು ಇದನ್ನೇ. ರೋಗ ಬರುವ ಮೊದಲೇ ರೋಗದ ನೆನಪು. ‘ಒಮ್ಮೆ ಹಾಕಿಸಿದ್ದೇವಲ್ಲ, ಮತ್ತೇಕೆ?’ ಎಂದು ಕೇಳುವ ತಂದೆತಾಯಿಯರಿಗೆ ಹೇಳುತ್ತೇನೆ: ದಡಾರದ ಮೊದಲ ಚುಚ್ಚುಮದ್ದಿನಿಂದ ಕೆಲವು ಮಕ್ಕಳಲ್ಲಿ ನೆನಪು ಮೂಡುವುದೇ ಇಲ್ಲ. ಆ ಮಗು ನಿಮ್ಮದೇ ಇರಬಹುದು, ನೋಡಿ ಹೇಳಲಾಗದು. ಧನುರ್ವಾಯುವಿನ ವಿಷಯದಲ್ಲಿ ಮೂಡಿದ ನೆನಪು ವರ್ಷಗಳಲ್ಲಿ ಮಾಸುತ್ತದೆ. ಎರಡನೆಯ ಚುಚ್ಚುಮದ್ದನ್ನು ತಪ್ಪಿಸಬೇಡಿ. ದಯವಿಟ್ಟು ತಪ್ಪಿಸಬೇಡಿ.

ರಕ್ತವನ್ನು ಸೋಸುವ ಗುಲ್ಮದ ಬಗ್ಗೆ, ಎದೆಮೂಳೆಯ ಹಿಂದೆ ಕುಳಿತು ನಮ್ಮವರು ಯಾರು ಹೊರಗಿನವರು ಯಾರು ಎಂದು ಬಿಳಿಕಣಗಳಿಗೆ ಪಾಠ ಹೇಳುವ ಥೈಮಸ್ ಗ್ರಂಥಿಯ ಬಗ್ಗೆ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಫ್ಯಾರೋ ದ್ವೀಪದಲ್ಲೇ ಹೊತ್ತು ಕಳೆಯಿತು. ಒಂದು ಮಾತು ಮಾತ್ರ ಬಿಡಲಾರೆ. ದವಡೆಯಡಿ ಗಂಟು ಸಿಕ್ಕಿತೆಂದು ಗಾಬರಿಯಾಗಿ ಅದನ್ನು ದಿನಕ್ಕೆ ಹತ್ತು ಸಲ ಹಿಸುಕಿ ನೋಡಬೇಡಿ. ಒಳಗೆ ಕೆಲಸ ನಡೆದಿದೆ, ನಡೆಯಲು ಬಿಡಿ. ಗಂಟಲು ವಾಸಿಯಾದ ಮೇಲೆ ಸಾಮಾನ್ಯವಾಗಿ ಅದೂ ಇಳಿಯುತ್ತದೆ. ಎರಡು ಮೂರು ವಾರವಾದರೂ ಇಳಿಯದಿದ್ದರೆ, ಅಥವಾ ನೋವೇ ಇಲ್ಲದೆ ಗಟ್ಟಿಯಾಗಿ ಬೆಳೆಯುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ನಮಸ್ಕಾರ.