ಮೂಳೆ ಒಪ್ಪಿಕೊಂಡ ಲೋಹ

ಕೇಳುಗರೇ, ನಮಸ್ಕಾರ.

ಹಲ್ಲೊಂದು ಹೋದಾಗ ಕನ್ನಡಿಯಲ್ಲಿ ಕಾಣುವ ಸಂದಿಯ ಕಡೆಗೇ ನಮ್ಮ ಗಮನ. ಆದರೆ ದೊಡ್ಡ ನಷ್ಟ ಆಗುವುದು ವಸಡಿನ ಒಳಗೆ. ಬೇರನ್ನು ಹಿಡಿದಿಡಲೆಂದೇ ಇದ್ದ ದವಡೆಯ ಮೂಳೆ, ಆ ಕೆಲಸ ತಪ್ಪಿದೊಡನೆ ತಿಂಗಳುಗಟ್ಟಲೆ ಸವೆಯುತ್ತಾ ಹೋಗುತ್ತದೆ. ವರ್ಷಗಳಿಂದ ಪೂರ್ತಿ ಹಲ್ಲಿನ ಸೆಟ್ ಹಾಕಿಕೊಂಡವರು ಅದು ಸಡಿಲವಾಯಿತೆಂದು ದೂರುವುದುಂಟು. ಸೆಟ್ ಮೊದಲಿದ್ದಂತೆಯೇ ಇರುತ್ತದೆ, ಕುಗ್ಗಿರುವುದು ಅದರ ಕೆಳಗಿನ ಮೂಳೆ. ಇನ್ನು ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು, ಅಂದರೆ ಬ್ರಿಡ್ಜ್, ಕೂರಿಸುವುದಾದರೆ ಸಾಮಾನ್ಯವಾಗಿ ಆ ಹಲ್ಲುಗಳನ್ನು, ಅವು ಎಷ್ಟೇ ಗಟ್ಟಿಯಾಗಿದ್ದರೂ, ಉಜ್ಜಿ ಸಣ್ಣದು ಮಾಡಬೇಕಾಗುತ್ತದೆ.

ಮೂಳೆಯೊಳಗೇ ಬೇರೂರುವ ಕೃತಕ ಹಲ್ಲಿನ, ಅಂದರೆ ಇಂಪ್ಲಾಂಟ್‌ನ, ದಾರಿ ತೆರೆದದ್ದು ಹಲ್ಲಿಗೆ ಸಂಬಂಧವೇ ಇಲ್ಲದ ಒಂದು ಪ್ರಯೋಗದಿಂದ. ಸ್ವೀಡನ್ನಿನ ವೈದ್ಯ, ಸಂಶೋಧಕ ಪರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವ ಬಗೆಯನ್ನು ನೋಡಲು ಟೈಟೇನಿಯಂನ ಪುಟ್ಟ ವೀಕ್ಷಣಾ ಕೋಶಗಳನ್ನು ಅಳವಡಿಸಿದ್ದರು. ಕೆಲಸ ಮುಗಿದ ಮೇಲೆ ಅವನ್ನು ತೆಗೆಯಹೋದರೆ ಬರಲೇ ಇಲ್ಲ. ಮೂಳೆ ಲೋಹಕ್ಕೆ ಬೆಸೆದುಕೊಂಡುಬಿಟ್ಟಿತ್ತು. ಉಪಕರಣ ಹಾಳಾಯಿತೆಂದು ಬೇಸರಪಟ್ಟು ಸುಮ್ಮನಾಗಬಹುದಾಗಿದ್ದ ಆ ಗಳಿಗೆಯ ಬೆನ್ನುಹತ್ತಿ ಹೋದದ್ದೇ ಅವರ ಹೆಚ್ಚುಗಾರಿಕೆ. 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟೇನಿಯಂ ಸ್ಕ್ರೂಗಳನ್ನು ಕೂರಿಸಿದರು. ನಾಲ್ಕು ದಶಕಗಳ ಬಳಿಕ ಆತ ತೀರಿಕೊಂಡಾಗಲೂ ಅವು ಬಳಕೆಯಲ್ಲಿದ್ದವು. ಆದರೂ ಈ ಫಲಿತಾಂಶಗಳನ್ನು ದಂತವೈದ್ಯರ ಮುಂದಿಟ್ಟ 1982ರ ಟೊರಾಂಟೊ ಸಮ್ಮೇಳನದವರೆಗೆ ದಂತವೈದ್ಯ ಲೋಕದ ಬಹುಪಾಲು ಇದನ್ನು ಗಂಭೀರವಾಗಿ ಪರಿಗಣಿಸಿರಲಿಲ್ಲ.

ಗಾಳಿ ಸೋಕಿದೊಡನೆ ಟೈಟೇನಿಯಂ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ದೇಹಕ್ಕೆ ಎದುರಾಗುವುದು ಲೋಹಕ್ಕಿಂತ ಹೆಚ್ಚಾಗಿ ಈ ಪದರವೇ, ಅದನ್ನು ಮೂಳೆ ದೂರ ತಳ್ಳುವುದಿಲ್ಲ. ಆದರೆ ಬಿಸಿಯನ್ನು ಮೂಳೆ ತಾಳದು. ಕೊರೆಯುವಾಗ ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಅದಕ್ಕೆ ಪೆಟ್ಟು ಬೀಳುತ್ತದೆಂದು ಪ್ರಯೋಗಗಳು ತೋರಿಸಿವೆ, ಆದ್ದರಿಂದಲೇ ಡ್ರಿಲ್ಲಿನ ಜೊತೆಗೆ ತಣ್ಣನೆಯ ಲವಣದ್ರಾವಣ ಹರಿಯುತ್ತಿರುತ್ತದೆ. ಕೂರಿಸಿದ ದಿನ ಸ್ಕ್ರೂ ನಿಲ್ಲುವುದು ಬರೀ ಬಿಗಿತದಿಂದ. ಸುತ್ತಲಿನ ಹಳೆಯ ಮೂಳೆ ಕರಗಿ ಹೊಸತು ಬೆಳೆಯುವ ನಡುವೆ, ಸುಮಾರು ಮೂರು ನಾಲ್ಕು ವಾರಗಳ ಹೊತ್ತಿಗೆ, ಆ ಹಿಡಿತ ಕೊಂಚ ಇಳಿದು ಮತ್ತೆ ಏರುತ್ತದೆ. ಮರಳು ಸಿಡಿಸಿ, ಆಮ್ಲದಲ್ಲಿ ಅದ್ದಿ ಮೇಲ್ಮೈಯನ್ನು ಒರಟಾಗಿಸಿದ ಮೇಲೆ, ಸ್ಕ್ರೂವಿನ ಮೇಲೆ ಹಲ್ಲಿನಾಕಾರದ ಕ್ಯಾಪ್ ಕೂರಿಸಲು ಮೂರರಿಂದ ಆರು ತಿಂಗಳಿದ್ದ ಕಾಯುವಿಕೆ ಮೂಳೆ ಚೆನ್ನಾಗಿರುವವರಲ್ಲಿ ಆರೆಂಟು ವಾರಗಳಿಗೆ ಇಳಿದಿದೆ.

ಹಾಗೆಂದು ಇದು ಹುಟ್ಟು ಹಲ್ಲಿಗೆ ಸಮ ಎನ್ನಲಾರೆ. ನಮ್ಮ ಹಲ್ಲು ಮೂಳೆಗೆ ನೇರವಾಗಿ ಅಂಟಿಲ್ಲ. ಸುಮಾರು ಕಾಲು ಮಿಲಿಮೀಟರ್ ಅಗಲದ ನಾರುಗಳ ತೊಟ್ಟಿಲಲ್ಲಿ ತೂಗುತ್ತಿರುತ್ತದೆ. ಹಲ್ಲುಗಳ ನಡುವೆ ಸಿಕ್ಕ ಕೂದಲೆಳೆಯೂ ತಿಳಿಯುವುದು ಆ ನಾರುಗಳಲ್ಲಿರುವ ನರತುದಿಗಳಿಂದ. ಇಂಪ್ಲಾಂಟ್‌ಗೆ ಆ ತೊಟ್ಟಿಲಿಲ್ಲ. ವಸಡಿನ ನಾರುಗಳೂ ಹಲ್ಲಿನ ಬೇರಿಗೆ ನೆಟ್ಟುಕೊಂಡಂತೆ ಲೋಹಕ್ಕೆ ನೆಟ್ಟುಕೊಳ್ಳದೆ, ಅದರ ಉದ್ದಕ್ಕೂ ಹಾದುಹೋಗುತ್ತವಷ್ಟೆ. ಹುಳುಕು ಹಿಡಿಯದ ಹಲ್ಲೆಂದು ಅಲಕ್ಷಿಸಿದರೆ, ಈ ಸಡಿಲ ಅಂಚಿನಲ್ಲಿ ಪಾಚಿ ಕಟ್ಟಿ, ಸೋಂಕು ಮೂಳೆಯನ್ನೇ ತಿನ್ನತೊಡಗುತ್ತದೆ. ಧೂಮಪಾನಿಗಳಿಗೂ, ಮೊದಲೇ ವಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಿಗೂ ಅಪಾಯ ಹೆಚ್ಚು.

ಆದ್ದರಿಂದ ಸಂಶೋಧನಾ ಲೇಖನದಲ್ಲಿ ಇಂಪ್ಲಾಂಟ್ ‘ಉಳಿದಿದೆ’ ಎಂದು ಓದಿದಾಗ ನಾನು ಸ್ವಲ್ಪ ತಡೆದು ನೋಡುತ್ತೇನೆ. ಬಾಯಲ್ಲಿ ಉಳಿದದ್ದೆಲ್ಲ ಆರೋಗ್ಯವಾಗಿದೆಯೆಂದಲ್ಲ; ನೋವೂ ಇಲ್ಲದೆ, ಅಲುಗಾಟವೂ ಇಲ್ಲದೆ ಸುತ್ತಲಿನ ಮೂಳೆ ಇಳಿಯುತ್ತಿರಬಹುದು. ಅದು ಗೊತ್ತಾಗುವುದು, ಕ್ಯಾಪ್ ಕೂರಿಸಿದ ದಿನ ತೆಗೆದ ಎಕ್ಸ್‌ರೇಯನ್ನು ವರ್ಷಗಳ ನಂತರದ ಎಕ್ಸ್‌ರೇಯ ಪಕ್ಕದಲ್ಲಿಟ್ಟು, ಸ್ಕ್ರೂವಿನ ಎಷ್ಟು ಸುತ್ತುಗಳು ಮೂಳೆಯಿಂದ ಹೊರಬಿದ್ದಿವೆಯೆಂದು ಎಣಿಸಿದಾಗ.