ಗ್ಯಾರೇಜಲ್ಲಿ ಟಿಯರ್‌ಡ್ರಾಪ್ ಕ್ಯಾಂಪರ್ ಕಟ್ಟಿದ್ವಿ, ನೀರು ಎಲ್ಲಿಂದ ಹೋಗುತ್ತೆ ಅನ್ನೋದೇ ಮುಖ್ಯ

ನಮಸ್ಕಾರ ಎಲ್ರಿಗೂ. ಈಗ ಸ್ಕ್ರೀನ್ ಮೇಲೆ ಕಾಣಿಸ್ತಿದೆಯಲ್ಲ, ಮುಂದೆ ಗುಂಡಗೆ ಎದ್ದು ಹಿಂದಕ್ಕೆ ಹೋಗ್ತಾ ಹೋಗ್ತಾ ಇಳಿಜಾರಾಗಿರೋ ಪುಟ್ಟ ಗಾಡಿ, ಇದೇ ಟಿಯರ್‌ಡ್ರಾಪ್ ಕ್ಯಾಂಪರ್, ಕಾರಿನ ಹಿಂದೆ ಸಿಕ್ಕಿಸಿ ಎಳ್ಕೊಂಡು ಹೋಗೋದು. ಒಳಗೆ ಇಬ್ರು ಆರಾಮಾಗಿ ಮಲಗ್ಬಹುದು, ಕೂತ್ಕೋಬಹುದು, ಎದ್ದು ನಿಲ್ಲೋಕೆ ಮಾತ್ರ ಆಗಲ್ಲ. ಹಿಂದಿನ ಮುಚ್ಚಳ ಎತ್ತಿದ್ರೆ ಅಡುಗೆಮನೆ, ಅಡುಗೆ ಮಾಡೋರು ಹೊರಗೆ ನಿಂತ್ಕೊಂಡು ಮಾಡ್ಬೇಕು.

ಯಾಕೆ ಇಷ್ಟು ಚಿಕ್ಕದು ಅಂದ್ರೆ ನಮ್ಮ ಕಾರು. ನಾವಿರೋದು ಮಿಷಿಗನ್‌ನಲ್ಲಿ, ನಮ್ಮ ಹತ್ರ ಇರೋದು ಪೆಟ್ರೋಲ್ ಹೋಂಡಾ ಸಿಆರ್‌-ವಿ, ಇಲ್ಲಿ ಅದಕ್ಕೆ ಎಳೆಯೋಕೆ ಕೊಟ್ಟಿರೋ ಮಿತಿ 1500 ಪೌಂಡ್, ಅಂದ್ರೆ ಸುಮಾರು 680 ಕೆಜಿ, ಅಷ್ಟರೊಳಗೇ ಟ್ರೇಲರ್ರು, ಹಾಸಿಗೆ, ನೀರು, ಬ್ಯಾಟರಿ, ಅಕ್ಕಿ ಬೇಳೆ ಎಲ್ಲಾ ಮುಗೀಬೇಕು. ಶೋರೂಮಲ್ಲಿ ನೋಡಿದ ಗಾಡಿಗಳು ಒಂದೋ ಭಾರ ಜಾಸ್ತಿ, ಇಲ್ಲಾಂದ್ರೆ ರೇಟು ಕೇಳಿದ್ರೆ ತಲೆ ತಿರುಗುತ್ತೆ. ಅದಕ್ಕೆ ಬೋಲ್ಟ್ ಹಾಕಿ ಜೋಡಿಸ್ಕೊಳ್ಳೋ 4 ಅಡಿ 8 ಅಡಿ ಟ್ರೇಲರ್ ಕಿಟ್ ತಂದು ಅದರ ಮೇಲೇ ಕಟ್ಟೋಣ ಅಂತಾಯ್ತು.

ಇದೇನು ನಮ್ಮ ಹೊಸ ಐಡಿಯಾ ಅಲ್ಲ. ಅಮೆರಿಕದಲ್ಲಿ 1930ರ ದಶಕದಿಂದ್ಲೂ ಜನ ಗ್ಯಾರೇಜಲ್ಲಿ ಇದನ್ನ ಕಟ್ತಾನೇ ಇದಾರೆ, ಎರಡನೇ ಮಹಾಯುದ್ಧ ಮುಗಿದ್ಮೇಲೆ ಅಲ್ಯೂಮಿನಿಯಂ ಶೀಟು ಧಾರಾಳವಾಗಿ ಸಿಗೋಕೆ ಶುರುವಾಯ್ತು, 1947ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಮ್ಯಾಗಜೀನಲ್ಲಿ ಪ್ಲ್ಯಾನೇ ಬಂತು, ಯಾರ್ ಬೇಕಾದ್ರೂ ಮನೇಲಿ ಕಟ್ಟೋ ಥರ. ಆವತ್ತಿಂದ ಇವತ್ತಿನವರೆಗೂ ಅಳತೆ ಹೆಚ್ಚುಕಮ್ಮಿ ಅದೇ. ಪ್ಲೈವುಡ್ ಶೀಟ್ ಸಿಗೋದೇ 4 ಅಡಿಗೆ 8 ಅಡಿ, ಒಂದು ಶೀಟಿಗೆ ಒಂದು ಪಕ್ಕದ ಗೋಡೆ, ಅದಕ್ಕೇ ಎತ್ತರ ನಾಲ್ಕಡಿ ಉದ್ದ ಎಂಟಡಿ. ಗಾಡಿ ಅಗಲ ಮಾಡಿದ್ರೆ ಕ್ವೀನ್ ಸೈಜ್ ಹಾಸಿಗೆ ಹಾಕ್ಬಹುದು, ಅದು 60 ಇಂಚು, ನಾವು ಮಾಡ್ಲಿಲ್ಲ, ಭಾರ.

ಇಲ್ಲಿ ನೋಡಿ, ಇದು ಗೋಡೆಗೆ ಗೆರೆ ಹಾಕ್ತಿರೋದು. ಶೀಟ್ ಮೇಲೆ ಅಲ್ಲಲ್ಲಿ ಮೊಳೆ ಹೊಡ್ದು, ತೆಳ್ಳಗಿನ ಉದ್ದನೆ ಮರದ ಪಟ್ಟಿನ ಆ ಮೊಳೆಗಳ ಮೇಲೆ ಬಗ್ಗಿಸಿ ಹಿಡ್ದು, ಅದರ ಪಕ್ಕದಲ್ಲೇ ಪೆನ್ಸಿಲ್ ಎಳೆಯೋದು. ಕಂಪ್ಯೂಟರಲ್ಲಿ ಡ್ರಾಯಿಂಗ್ ಮಾಡಿ ಪ್ರಿಂಟ್ ತೆಗ್ದು ಅಂಟಿಸೋರೂ ಇದಾರೆ, ಆದ್ರೆ ಪಟ್ಟಿ ತಾನಾಗೇ ಬಗ್ಗೋ ಕಡೆ ಚಾವಣಿ ಪ್ಲೈವುಡ್ಡೂ ತಾನಾಗೇ ಬಗ್ಗುತ್ತೆ, ಪಟ್ಟಿ ಲಟಕ್ ಅಂದ್ರೆ ಪ್ಲೈವುಡ್ಡೂ ಅಲ್ಲಿ ಮುರಿಯುತ್ತೆ ಅಂತ ಮೊದ್ಲೇ ಗೊತ್ತಾಗ್ಬಿಡುತ್ತೆ, ಈ ಲಾಭ ಕಂಪ್ಯೂಟರಲ್ಲಿಲ್ಲ. ಒಂದು ಗೋಡೆ ಜಿಗ್‌ಸಾದಲ್ಲಿ ಕಟ್ ಮಾಡಿ, ಉಜ್ಜಿ ನಯ ಮಾಡಿ, ಅದನ್ನ ಇನ್ನೊಂದು ಶೀಟಿಗೆ ಕ್ಲ್ಯಾಂಪ್ ಹಾಕಿ ರೌಟರ್, ಅಂದ್ರೆ ಮರದ ಅಂಚು ಕೊರೆಯೋ ಮಷೀನು, ಓಡಿಸಿದ್ರೆ ಎರಡನೇದು ಅಚ್ಚು ಹೊಯ್ದಂಗೆ ಬರುತ್ತೆ. ಎರಡೂ ಕಡೆ ಒಂದೇ ಥರ ಇಲ್ಲಾಂದ್ರೆ ಹಿಂದಿನ ಮುಚ್ಚಳ ಜನ್ಮದಲ್ಲಿ ಸರಿಯಾಗಿ ಕೂರಲ್ಲ.

ಈಗ ಫ್ರೇಮಲ್ಲಿ ಬಂದ್ರಲ್ಲ, ಸ್ವೆಟರ್ ಮೇಲೊಂದು ಜಾಕೆಟ್ಟು, ಅದರ ಮೇಲೊಂದು ಮಫ್ಲರ್ರು, ಇವ್ರು ನಮ್ಮ ಮಾವ. ಸಕಲೇಶಪುರದ ಕಡೆಯೋರು. ಆರು ತಿಂಗಳು ಮಗ ಸೊಸೆ ಜೊತೆ ಇರೋಣ ಅಂತ ಬಂದೋರು, ಎರಡನೇ ವಾರಕ್ಕೇ ಟಿವಿ ಬೇಜಾರಾಗಿ ಗ್ಯಾರೇಜಲ್ಲಿ ಕುರ್ಚಿ ಹಾಕ್ಕೊಂಡ್ರು. ಮೊದಮೊದಲು ಸುಮ್ನೆ ನೋಡ್ತಿದ್ರು. ಆಮೇಲೆ ಒಂದಿನ ನಾನು ಸಿಲಿಕೋನ್ ಟ್ಯೂಬು, ಸೀಲೆಂಟು, ಟೇಪು ಅಂತ ಬಾಕ್ಸ್ ತುಂಬಾ ತಂದಿಟ್ಟಿದ್ನಲ್ಲ, ಅದನ್ನ ಒಂದೊಂದೇ ಎತ್ತಿ ನೋಡಿ, "ಇಷ್ಟೆಲ್ಲಾ ಅಂಟು ಯಾಕಮ್ಮಾ, ನಮ್ಮನೆ ಮಾಡಿಗೆ ಒಂದು ತೊಟ್ಟು ಅಂಟು ಹಾಕಿಲ್ಲ, ಆ ಮಳೇಗೆ ಸೋರುತ್ತಾ?" ಅಂದ್ರು.

ಮಾತು ಅಲ್ಲಿಗೇ ಮುಗೀತು, ಆದ್ರೆ ನಮ್ಮ ಇಡೀ ಗಾಡಿ ತಿರುಗಿದ್ದು ಅಲ್ಲಿಂದ. ಮಂಗಳೂರು ಹೆಂಚು ಸಕಲೇಶಪುರದ ಮಳೆ ತಡೆಯೋದು ಹೆಂಗೆ, ಮೇಲಿನ ಹೆಂಚು ಕೆಳಗಿನ ಹೆಂಚಿನ ಮೇಲೆ ಹತ್ತಿ ಕೂತಿರುತ್ತೆ, ನೀರು ಕೆಳಗಿಳಿಯೋ ದಾರೀಲಿ ಸಂದಿಗೆ ನುಗ್ಗೋ ಚಾನ್ಸೇ ಇಲ್ಲ. ಟಿಯರ್‌ಡ್ರಾಪಲ್ಲೂ ಅಷ್ಟೇ, ಚಾವಣಿ ಶೀಟು ಹಿಂದಿನ ಹಿಂಜ್ ಮೇಲೆ ಇಳೀಬೇಕು, ಅಂಚು ಮುಚ್ಚೋ ಪಟ್ಟಿ, ಅಂದ್ರೆ ಟ್ರಿಮ್ಮು, ಚಾವಣಿ ಮೇಲಿಂದ ಗೋಡೆ ಮೇಲೆ ಬರ್ಬೇಕು, ಬಾಗಿಲ ಮೇಲೆ ನೀರು ಪಕ್ಕಕ್ಕೆ ಹೋಗೋಕೊಂದು ಸಣ್ಣ ಪಟ್ಟಿ ಇರ್ಬೇಕು, ಇಷ್ಟು ಸರಿ ಇದ್ರೆ ಅಂಟು ಬರೀ ಎರಡನೇ ಕಾವಲು. ಟಿಯರ್‌ಡ್ರಾಪ್ ಹಾಳಾಗೋದು ರೋಡಲ್ಲಿ ಕುಲುಕಾಡಿ ಅಲ್ಲ ರೀ, ಎಲ್ಲೋ ಒಂದು ಸ್ಕ್ರೂ ತೂತಲ್ಲಿ ನೀರು ಇಳ್ದು, ಒಳಗಿನ ಪ್ಲೈವುಡ್ ಕಣ್ಣಿಗೆ ಕಾಣದಂಗೆ ಕೊಳೆತು. ಹಂಗಾಗಿ ದುಡ್ಡೂ ಟೈಮೂ ಖರ್ಚು ಮಾಡೋದಿದ್ರೆ ಸಂದಿಗಳಿಗೆ ಮಾಡಿ, ಒಳಗಿನ ಬೀರು ಶೆಲ್ಫಿಗೆ ಆಮೇಲೆ ನೋಡ್ಕೊಳ್ಳೋಣ, ಇದು ನನ್ನ ಅಭಿಪ್ರಾಯ.

ಪ್ಲೈವುಡ್ ನೀರು ಕುಡಿಯೋದು ಮುಖದಿಂದ ಅಲ್ಲ, ಕಟ್ ಮಾಡಿದ ಅಂಚಿಂದ. ಅಂಚು ಬತ್ತಿ ಥರ ಎಳ್ಕೊಳ್ಳುತ್ತೆ. ಅದಕ್ಕೆ ಪಾಲಿಯೂರಿಥೇನ್ ವಾರ್ನಿಶ್ಶಿಗೆ ಮಿನರಲ್ ಸ್ಪಿರಿಟ್ಸ್ ಅನ್ನೋ ಥಿನ್ನರ್ ಬೆರೆಸಿ ನೀರ್‌ನೀರಾಗಿ ಮಾಡಿ ಮೊದಲ ಕೋಟ್ ಹಚ್ಚೋದು, ಅದು ಒಳಗೆ ಇಳಿಯುತ್ತೆ, ಅಂಚು ಇನ್ನು ಕುಡಿಯಲ್ಲ ಅನ್ನೋವರೆಗೂ ಕುಡಿಸ್ತಾನೇ ಇರೋದು, ಆಮೇಲೆ ಗಟ್ಟಿ ಕೋಟು. ನೆಲದ ಹಲಗೆಯ ತಳಕ್ಕೂ ಇದೇ, ಚಕ್ರದಿಂದ ಎರಚೋ ನೀರೆಲ್ಲಾ ಅಲ್ಲಿಗೇ. ಗೋಂದಿನ ಬಗ್ಗೆ ಒಂದ್ಮಾತು, ಟೈಟ್‌ಬಾಂಡ್ 3 ಬಾಟ್ಲಿ ಮೇಲೆ 47 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚಳಿ ಇದ್ರೆ ಹಾಕ್ಬೇಡಿ ಅಂತಿದೆ, ಅಂದ್ರೆ ಸುಮಾರು 8 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ತಣ್ಣಗಿದ್ರೆ ಒಣಗಿದ್ಮೇಲೆ ಸುಣ್ಣದ ಪುಡಿ ಥರ ಬೆಳ್ಳಗಾಗಿ ಹಿಡಿತಾನೇ ಇರಲ್ಲ. ಮಿಷಿಗನ್ ಗ್ಯಾರೇಜಲ್ಲಿ ನವೆಂಬರ್ ದಾಟಿದ್ರೆ ಹೀಟರ್ ಇಲ್ದೆ ಗೋಂದಿನ ಕೆಲ್ಸ ಮರ್ತುಬಿಡಿ.

ಚಾವಣಿಗೆ ಅಡ್ಡಡ್ಡ ಪಟ್ಟಿ, ಪಟ್ಟಿ ಮಧ್ಯ ಫೋಮ್ ಬೋರ್ಡು, ಕೆಳಗೂ ಮೇಲೂ 3 ಮಿಲಿಮೀಟರ್ ತೆಳು ಪ್ಲೈವುಡ್ಡು. ಮುಂದಿನ ಗುಂಡಗಿರೋ ಕಡೆ ಬಗ್ಗಲ್ಲ ಅಂತ ಹಠ ಮಾಡಿದ್ರೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಬೆಲ್ಟ್ ಹಾಕಿ ನಿಧಾನಕ್ಕೆ ಎಳೆಯೋದು. ಮೇಲಿನ ಪ್ಲೈವುಡ್ ಮುಚ್ಚೋಕೆ ಮುಂಚೆ ಫ್ಯಾನಿಗೆ, ಲೈಟಿಗೆ ವೈರ್ ಎಳ್ದಿರಿ, ಎಲ್ಲಾ ಕಡೆ ಫೋಟೋನೂ ತೆಗ್ದಿಟ್ಕೊಳ್ಳಿ.

ಅದರ ಮೇಲೆ ಅಲ್ಯೂಮಿನಿಯಂ ಶೀಟು, 1 ಮಿಲಿಮೀಟರ್ ದಪ್ಪ. ಇಲ್ಲಿ ನನ್ನ ಗಂಡಂಗೂ ನಂಗೂ ಒಂದು ದೊಡ್ಡ ವಾದ ಆಯ್ತು. ಅವ್ನಿಗೆ ಪೂರ್ತಿ ಗೋಂದು ಹಾಕಿ ಅಂಟಿಸ್ಬೇಕು, ಇಲ್ಲಾಂದ್ರೆ ಬಡಬಡ ಅನ್ನುತ್ತೆ ಅಂತ. ನಾನು ಲೆಕ್ಕ ಹಾಕಿ ತೋರ್ಸಿದೆ: ಹತ್ತಡಿ ಉದ್ದದ ಅಲ್ಯೂಮಿನಿಯಂ ಶೀಟು, ಇಲ್ಲಿ ಜನವರೀಲಿ ಮೈನಸ್ 20, ಬೇಸಿಗೆ ಬಿಸ್ಲಲ್ಲಿ ಲೋಹದ ಮೇಲ್ಮೈ 50 ಡಿಗ್ರಿ, 70 ಡಿಗ್ರಿ ವ್ಯತ್ಯಾಸಕ್ಕೆ ಅದು ಹತ್ತತ್ರ 5 ಮಿಲಿಮೀಟರ್ ಹಿಗ್ಗುತ್ತೆ. ಕೆಳಗಿರೋ ಮರ ಅಷ್ಟು ಹಿಗ್ಗಲ್ಲ. ಗಟ್ಟಿಯಾಗಿ ಅಂಟಿಸಿದ್ರೆ ಶೀಟು ಎಲ್ಲಿಗೆ ಹೋಗ್ಬೇಕು, ಉಬ್ಬುತ್ತೆ. ಅದಕ್ಕೆ ಶೀಟ್ ಮಧ್ಯ ಏನೂ ಹಾಕಲ್ಲ, ಸುಮ್ನೆ ಹೊದಿಸಿ ಅಂಚಲ್ಲಿ ಮಾತ್ರ ಟ್ರಿಮ್ ಹಿಡ್ಕೊಳ್ಳುತ್ತೆ, ಟ್ರಿಮ್ ಕೆಳಗೆ ಬ್ಯೂಟೈಲ್ ಟೇಪು. ಈ ಬ್ಯೂಟೈಲ್ ಟೇಪ್ ನೋಡಿ ಹತ್ತಿರದಿಂದ, ಚೂಯಿಂಗ್ ಗಮ್ ಥರ, ಯಾವತ್ತೂ ಒಣಗಿ ಗಟ್ಟಿಯಾಗಲ್ಲ, ಸ್ಕ್ರೂ ತಿರುಗಿಸ್ತಾ ಹೋದಂಗೆ ಅಂಚಿಂದ ಹೊರಗೆ ಉಬ್ಬುತ್ತೆ, ಉಬ್ಬಿದ್ದನ್ನ ಪ್ಲಾಸ್ಟಿಕ್ ಪಟ್ಟೀಲಿ ಕೆರ್ದು ತೆಗ್ದು, ಮಾರನೇ ದಿನ ಇನ್ನೊಂದು ಸುತ್ತು ಟೈಟ್ ಮಾಡಿದ್ರೆ ಮತ್ತೆ ಉಬ್ಬುತ್ತೆ. ಸಿಲಿಕೋನ್ ಯಾಕೆ ಬೇಡ ಅಂದ್ರೆ, ಒಂದ್ಸಲ ಹಾಕಿದ ಜಾಗಕ್ಕೆ ಆಮೇಲೆ ಪೇಂಟೂ ಕೂರಲ್ಲ, ಬೇರೆ ಸೀಲೆಂಟೂ ಕೂರಲ್ಲ, ರಿಪೇರಿ ಮಾಡೋಕೆ ಹೋದ್ರೆ ಕೆರ್ದೂ ಕೆರ್ದೂ ಸಾಕಾಗುತ್ತೆ.

ಸರಿ, ಈಗ ಹಿಂದಿನ ಮುಚ್ಚಳ. ಟಿಯರ್‌ಡ್ರಾಪ್ ಕಟ್ಟಿದ ಯಾರನ್ನ ಬೇಕಾದ್ರೂ ಕೇಳಿ, ಅತೀ ಕಷ್ಟ ಯಾವುದು ಅಂದ್ರೆ ಇದನ್ನೇ ತೋರಿಸ್ತಾರೆ. ಬಾಗಿದ ಪಕ್ಕೆಲುಬು ಥರದ ಮರದ ತುಂಡುಗಳ ಮೇಲೆ ತೆಳು ಪ್ಲೈವುಡ್ ಬಗ್ಗಿಸಿ ಅಂಟಿಸ್ತೀರ, ಕ್ಲ್ಯಾಂಪ್ ಬಿಚ್ಚಿದ ತಕ್ಷಣ ಪ್ಲೈವುಡ್ ತನ್ನ ಹಳೇ ಆಕಾರ ನೆನಪು ಮಾಡ್ಕೊಂಡು ಸ್ವಲ್ಪ ನೆಟ್ಟಗಾಗುತ್ತೆ, ಮೇಲೆ ಹಿಂಜ್ ಕಡೆ ಸರಿಯಾಗಿದ್ರೂ ಕೆಳಗಡೆ ಬೆರಳು ತೂರೋ ಅಷ್ಟು ಸಂದಿ. ಅದಕ್ಕೆ ಮುಚ್ಚಳನ ಬೇರೆ ಟೇಬಲ್ ಮೇಲೆ ಮಾಡೋ ಹಂಗಿಲ್ಲ, ಗಾಡಿ ಮೇಲೇ, ಅದು ಕೂರೋ ಜಾಗದಲ್ಲೇ, ಬೆಲ್ಟ್ ಹಾಕಿ ಬಿಗಿದು ಮಾಡ್ಬೇಕು, ಹೊರಗಿನ ಪ್ಲೈವುಡ್ಡೂ ಒಳಗಿನ ಪ್ಲೈವುಡ್ಡೂ ಎರಡೂ ಅಂಟಿ ಪೂರ್ತಿ ಒಣಗಿದ್ಮೇಲೇ ಬೆಲ್ಟ್ ಬಿಚ್ಚೋದು, ಆಗ ಎರಡೂ ಸೇರಿ ಆ ಬಾಗು ಲಾಕ್ ಮಾಡ್ಬಿಡುತ್ವೆ. ಮಾವ ದಿನಾ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಬಂದು "ಬಿಚ್ಚೋಣ್ವಾ?" ಅನ್ನೋರು, ನಾನು "ಇಲ್ಲ ಮಾವ, ತಡೀರಿ" ಅನ್ನೋಳು.

ಹಿಂಜು ನೋಡಿ, ಇದಕ್ಕೆ ಹರಿಕೇನ್ ಹಿಂಜ್ ಅಂತಾರೆ, ಬಿರುಗಾಳಿ ಬರೋ ಊರುಗಳಲ್ಲಿ ಕಿಟಕಿ ಮೇಲೆ ಇಳಿಬಿಡೋ ಶಟರ್‌ಗೆ ಹಾಕೋದು. ಇಡೀ ಅಗಲಕ್ಕೂ ಒಂದೇ ತುಂಡು, ಒಂದು ಭಾಗ ಇನ್ನೊಂದರೊಳಗೆ ಕೊಂಡಿ ಹಾಕ್ಕೊಂಡಿರುತ್ತೆ, ಮಧ್ಯ ಪಿನ್ ಇಲ್ಲ. ಅದರ ಮೇಲೂ ನಾವೊಂದು ರಬ್ಬರ್ ಹಾಳೆ ಹೊದಿಸಿದ್ವಿ. ಮುಚ್ಚಳದ ಸುತ್ತ ರಬ್ಬರ್ ಸೀಲ್ ಇದ್ದೇ ಇದೆ, ಆದ್ರೆ ಆ ಸೀಲ್ ದಾಟಿ ನೀರು ಬಂದೇ ಬರುತ್ತೆ ಅಂದ್ಕೊಂಡು ಒಳಗೆ ಎರಡೂ ಪಕ್ಕ ಅಲ್ಯೂಮಿನಿಯಂ ದೋಣಿ, ಅಂದ್ರೆ ಮಾಡಿನ ಅಂಚಲ್ಲಿ ಇರುತ್ತಲ್ಲ ಆ ಥರ ನೀರು ಹರಿಯೋ ಕಾಲುವೆ, ಇಟ್ಟಿದೀವಿ, ಬಂದ ನೀರು ಅದರಲ್ಲಿ ಇಳ್ದು ಕೆಳಗಿನ ತೂತಿಂದ ರೋಡಿಗೆ. ದೋಣಿ ಐಡಿಯಾ ಮಾವಂದೇ. ಮುಗಿದ್ಮೇಲೆ ಅವ್ರೇ ಗಾರ್ಡನ್ ಪೈಪ್ ತಗೊಂಡು, ಮೇಲಿಂದ ಬಿಡೋದು ಸಾಲ್ದು ಅಂತ ಕೆಳಗಿಂದ, ಪಕ್ಕದಿಂದ, ಓರೆಯಾಗಿ, "ನಮ್ಮ ಕಡೆ ಮಳೆ ಅಡ್ಡಡ್ಡ ಬರುತ್ತಮ್ಮಾ" ಅಂತ ಹೊಡ್ದೇ ಹೊಡ್ದ್ರು. ದೋಣೀಲಿ ನೀರು ಹರೀತು. ಅಡುಗೆ ಕಟ್ಟೆ ಒಣಗಿತ್ತು.

ಅಡುಗೆಮನೆ ಹೊರಗಿರೋದು ನಮ್ಮ ಅಡುಗೆಗೆ ಹೇಳಿ ಮಾಡಿಸಿದ್ದು. ಮಲಗೋ ಜಾಗದಲ್ಲಿ ಒಗ್ಗರಣೆ ಘಾಟು ಸೇರ್ಕೊಂಡ್ರೆ ದಿಂಬು ವಾರಗಟ್ಟಲೆ ಇಂಗು ಸಾಸಿವೆ ಅನ್ನುತ್ತೆ. ಗ್ಯಾಸ್ ಸ್ಟವ್ ಒಳಗೆ ಹಚ್ಚೋದು ಹೆಂಗೂ ಬೇಡ್ವೇ ಬೇಡ, ಇಷ್ಟು ಚಿಕ್ಕ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಂಡ್ರೆ ಎಚ್ಚರನೇ ಆಗಲ್ಲ, ಚಳಿಗೆ ಅಂತ ಗ್ಯಾಸ್ ಹೀಟರ್ ಇಟ್ಕೊಳ್ಳೋ ಯೋಚ್ನೇನೂ ಬಿಡಿ, ಕಾರ್ಬನ್ ಮೊನಾಕ್ಸೈಡ್ ಬಂದ್ರೆ ಕೂಗೋ ಸಿಒ ಅಲಾರಂ ಒಂದು ಹಾಕ್ಲೇಬೇಕು. ಇಬ್ರು ರಾತ್ರಿಯೆಲ್ಲಾ ಉಸಿರಾಡಿದ್ರೆ ಬೆಳಗ್ಗೆ ಗೋಡೆ ಮೇಲೆ ಹನಿ ಕೂತಿರುತ್ತೆ, ಹೊರಗಿನ ಮಳೆ ತಡೆದು ಒಳಗಿನ ಮಳೇಲಿ ನೆನೆದಂಗೆ, ಅದಕ್ಕೆ ಚಾವಣೀಲಿ 14 ಇಂಚಿನ ಫ್ಯಾನು, ಒಂದು ಕಿಟಕಿ ಒಂಚೂರು ತೆರೆದೇ ಇರ್ಬೇಕು, ಚಳಿ ಇದ್ರೂ.

ಭಾರ ಎಲ್ಲಿ ಕೂತಿದೆ ಅನ್ನೋದು ಎಷ್ಟು ಭಾರ ಅನ್ನೋದಕ್ಕಿಂತ ಡೇಂಜರ್. ಒಟ್ಟು ತೂಕದಲ್ಲಿ 10ರಿಂದ 15 ಪರ್ಸೆಂಟ್ ಕಾರಿನ ಕೊಕ್ಕೆ ಮೇಲೆ ಕೂರ್ಬೇಕು. ಹಿಂದೆ ಭಾರ ಜಾಸ್ತಿ ಆದ್ರೆ ಹೈವೇಲಿ ಗಾಡಿ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ, ಕಾರನ್ನೂ ಎಳ್ಕೊಂಡು. ಟಿಯರ್‌ಡ್ರಾಪಲ್ಲಿ ಅಡುಗೆಮನೆ ಹಿಂದೆ ಇರೋದ್ರಿಂದ ಈ ಕಾಟ ಇದ್ದಿದ್ದೇ, ಹಾಗಾಗಿ ಬ್ಯಾಟರಿ, ನೀರಿನ ಕ್ಯಾನು ಎರಡನ್ನೂ ಮುಂದಿನ ಪೆಟ್ಟಿಗೆಗೆ ಹಾಕಿದೀವಿ. ಚೆಕ್ ಮಾಡೋಕೆ ಬಾತ್‌ರೂಮ್ ತೂಕದ ಮಷೀನ್ ಸಾಕು, ಮಷೀನ್ ಮೇಲೆ ಕೊಕ್ಕೆ ಎತ್ತರಕ್ಕೆ ಕಟ್ಟಿಗೆ ಜೋಡಿಸಿ ಗಾಡಿಯ ಮೂತಿನ ಅದರ ಮೇಲೆ ಇಡೋದು. ಬ್ಯಾಟರಿ 100 ಆಂಪಿಯರ್ ಅವರ್ ಲಿಥಿಯಂ, ಹಳೇ ಲೆಡ್ ಬ್ಯಾಟರಿಗಿಂತ ಅರ್ಧಕ್ಕಿಂತ ಕಮ್ಮಿ ತೂಕ, ಆದ್ರೆ ಸೊನ್ನೆ ಡಿಗ್ರಿ ಕೆಳಗೆ ಇದನ್ನ ಚಾರ್ಜ್ ಮಾಡೋ ಹಂಗಿಲ್ಲ, ಚಳಿಗಾಲಕ್ಕೆ ಬಿಚ್ಚಿ ಮನೆಯೊಳಗೆ ಇಡ್ತೀವಿ.

ಹಿಂದಿನ ಲೈಟಿಗೆ ನಾಲ್ಕು ವೈರು: ಬಿಳಿ ಅರ್ಥು, ಕಂದು ಟೈಲ್ ಲೈಟು, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಲೈಟು ಹುಚ್ಚುಚ್ಚಾಗಿ ಮಿಣಮಿಣ ಅಂದ್ರೆ ಮೊದ್ಲು ಬಿಳಿ ವೈರ್ ನೋಡಿ.

ನಂಬರ್ ಪ್ಲೇಟಿಗೆ ಇಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸ್, ನಮ್ಮ ಆರ್‌ಟಿಒ ಥರ. ಮಿಷಿಗನ್‌ನಲ್ಲಿ 2500 ಪೌಂಡ್ ಒಳಗಿನ ಟ್ರೇಲರ್‌ಗೆ ಪರ್ಮನೆಂಟ್ ಪ್ಲೇಟ್, ಒಂದ್ಸಲ ದುಡ್ಡು ಕಟ್ಟಿದ್ರೆ ವರ್ಷ ವರ್ಷ ರಿನ್ಯೂ ಮಾಡೋ ಗೋಳಿಲ್ಲ. ಬೇರೆ ಸ್ಟೇಟಲ್ಲಿರೋರು ಅಲ್ಲಿನ ರೂಲ್ಸು ಮರ ತರೋಕೆ ಮುಂಚೆನೇ ನೋಡ್ಕೊಳ್ಳಿ, ಕೆಲವು ಕಡೆ ಮನೇಲಿ ಕಟ್ಟಿದ್ದು ಅಂದ್ರೆ ಇನ್ಸ್‌ಪೆಕ್ಷನ್ನು, ಬಿಲ್ಲು ಎಲ್ಲಾ ಕೇಳ್ತಾರೆ.

ಮೊದಲ ದೊಡ್ಡ ಟ್ರಿಪ್ ಮಿಷಿಗನ್‌ನ ಉತ್ತರದ ಭಾಗ ಅಪ್ಪರ್ ಪೆನಿನ್ಸುಲಾಗೆ, ಮಾವ ವಾಪಸ್ ಹೋಗೋಕೆ ಮುಂಚೆ. ದಾರೀಲಿ ಸಿಗೋ ಮ್ಯಾಕಿನಾ ಸೇತುವೆ ಮೇಲೆ ಗಾಳಿ ಜೋರಿದ್ರೆ ಎತ್ತರದ ಗಾಡಿಗಳನ್ನ ನಿಲ್ಲಿಸಿ ಎಸ್ಕಾರ್ಟ್ ಕೊಟ್ಟು ದಾಟಿಸ್ತಾರೆ, ನಮ್ಮದು ಗಿಡ್ಡ ಅಂತ ನನ್ನ ಗಂಡಂಗೆ ಧೈರ್ಯ, ಆದ್ರೂ ಹವಾಮಾನ ನೋಡ್ಕೊಂಡೇ ಹೊರಡೋದು. ಆ ಕಡೆ ಕಪ್ಪು ಕರಡಿ ಇದಾವೆ, ಹಾಗಾಗಿ ರಾತ್ರಿ ಅಡುಗೆ ಸಾಮಾನೆಲ್ಲಾ ಈ ಮುಚ್ಚಳದೊಳಗಲ್ಲ, ಕಾರಲ್ಲಿ ಲಾಕ್. ಒಳಗೆ ಮಲಗೋದು ಇಬ್ರೇ, ಮಾವ ಅತ್ತೆ ಒಳಗೆ, ನಾವಿಬ್ರು ಪಕ್ಕದಲ್ಲಿ ಟೆಂಟು. ಫೆಂಡರ್‌ಗೆ ಪೇಂಟ್ ಬಾಕಿ ಇದೆ, ಒಂದು ಬಾಗಿಲ ಹಿಡಿ ಇನ್ನೂ ಬಂದಿಲ್ಲ, ಚಕ್ರದ ಬೇರಿಂಗಿಗೆ ಗ್ರೀಸ್ ತುಂಬೋದು ಶನಿವಾರ. ಅದನ್ನ ಬೇರೆ ವಿಡಿಯೋ ಮಾಡ್ತೀನಿ, ಕೈ ತುಂಬಾ ಗ್ರೀಸ್ ಇರುತ್ತೆ, ಕ್ಯಾಮೆರಾ ಮಾವನ ಕೈಗೆ ಕೊಡ್ತೀನಿ, ತಲೆ ಕಟ್ ಆಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.