ಊರು ಬದಲಿಸುವ ಮುಂಚೆಯೇ ಮನೆ ಕೊಳ್ಳಬೇಕೆ?

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಇರುವವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಎಂದಕೂಡಲೇ ನೆಂಟರಿಷ್ಟರ ಬಾಯಲ್ಲಿ ಬರುವ ಸಲಹೆ ಒಂದೇ: "ಬಾಡಿಗೆ ಕಟ್ಟೋದು ನೀರಲ್ಲಿ ಹೋಮ ಮಾಡಿದ ಹಾಗೆ. ಅದೇ ದುಡ್ಡಲ್ಲಿ ಕಂತು ಕಟ್ಟಿದರೆ ಮನೆ ನಿನ್ನದಾಗುತ್ತೆ." ಹೇಳುವವರ ಕಾಳಜಿಯಲ್ಲಿ ಕೊರತೆಯಿಲ್ಲ, ಲೆಕ್ಕದಲ್ಲಿದೆ. ಕಾಗದ, ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳುತ್ತಾ ಕೇಳಿ.

80 ಲಕ್ಷ ರೂಪಾಯಿಯ ಒಂದು ಹಳೆಯ ಫ್ಲ್ಯಾಟ್ ಎಂದಿಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ ಶೇಕಡ 5, ಅಂದರೆ 4 ಲಕ್ಷ. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 48 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡ 1ರ ಬದಲು 2 ಆಗಿದೆ; ಅದು 1 ಲಕ್ಷ 60 ಸಾವಿರ. ಒಟ್ಟು 6 ಲಕ್ಷ 8 ಸಾವಿರ. ಬ್ರೋಕರ್‌ಗೆ ಶೇಕಡ 1 ಅಂದರೂ 80 ಸಾವಿರ. ಈ ದುಡ್ಡು ಗೋಡೆಗೂ ಹೋಗುವುದಿಲ್ಲ, ನೆಲಕ್ಕೂ ಹೋಗುವುದಿಲ್ಲ. ಬ್ಯಾಂಕು ಇದಕ್ಕೆ ಸಾಲವನ್ನೂ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇಕಡ 80 ಮಿತಿ. ಆ ಬೆಲೆಯಲ್ಲಿ ಮುದ್ರಾಂಕ, ನೋಂದಣಿ ಖರ್ಚು ಸೇರುವುದಿಲ್ಲ. ಆದ್ದರಿಂದ 60 ಲಕ್ಷ ಸಾಲ ಸಿಕ್ಕರೂ ಕೈಯಿಂದ ಹಾಕಬೇಕಾದದ್ದು 20 ಲಕ್ಷವಲ್ಲ, ಹತ್ತಿರಹತ್ತಿರ 27 ಲಕ್ಷ.

ಇನ್ನು ಕಂತು. 60 ಲಕ್ಷಕ್ಕೆ ಶೇಕಡ 8.5 ಬಡ್ಡಿ, 20 ವರ್ಷದ ಅವಧಿ ಅಂದರೆ ತಿಂಗಳಿಗೆ ಸುಮಾರು 52 ಸಾವಿರ. ಮೊದಲನೇ ಕಂತಿನಲ್ಲಿ 42,500 ರೂಪಾಯಿ ಬಡ್ಡಿಗೇ ಹೋಗುತ್ತದೆ. ಮೂರು ವರ್ಷ ತಪ್ಪದೆ ಕಟ್ಟಿದರೆ ಕಟ್ಟಿದ್ದು ಸುಮಾರು 18 ಲಕ್ಷ 75 ಸಾವಿರ, ಅಸಲಿನಲ್ಲಿ ಇಳಿದದ್ದು 3 ಲಕ್ಷ 90 ಸಾವಿರ. ಉಳಿದದ್ದೆಲ್ಲ ಬ್ಯಾಂಕಿಗೆ ಕಟ್ಟಿದ ಬಾಡಿಗೆ ಎನ್ನಬಹುದು. ಸ್ವಂತ ವಾಸದ ಮನೆಯ ಬಡ್ಡಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಕಡಿತವೂ ಇಲ್ಲ. ಇದರ ಜೊತೆಗೆ ಅಪಾರ್ಟ್‌ಮೆಂಟಿನ ನಿರ್ವಹಣೆ ವೆಚ್ಚ: 1200 ಚದರಡಿಗೆ, ಚದರಡಿಗೆ 4 ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 4,800.

ಮೂರನೇ ವರ್ಷ ಕಂಪನಿ ಪುಣೆಗೆ ಕಳಿಸಿತು, ಅಥವಾ ಅಪ್ಪ ಅಮ್ಮನಿಗೆ ಆ ಊರು ಒಗ್ಗಲಿಲ್ಲ ಎಂದುಕೊಳ್ಳಿ. ಮಾರುವಾಗ ಮತ್ತೆ ಬ್ರೋಕರ್ ಖರ್ಚು. ಕೊಳ್ಳುವ, ಮಾರುವ ಖರ್ಚಷ್ಟೇ ವಾಪಸ್ ಬರಬೇಕಾದರೂ ಮನೆ 88 ಲಕ್ಷಕ್ಕೆ ಹೋಗಬೇಕು. ಹತ್ತು ವರ್ಷ ಇರುವವರಿಗೆ ಇದು ದೊಡ್ಡ ಹೊರೆಯಲ್ಲ. ಐದು ವರ್ಷದೊಳಗೆ ಜಾಗ ಬಿಡುವ ಸಾಧ್ಯತೆ ಇದ್ದವರಿಗೆ ಬಾಡಿಗೆಯೇ ಅಗ್ಗ. ಹೊಸ ಊರಿಗೆ ಹೊರಟವರಲ್ಲಿ ಹಲವರು ಈ ಎರಡನೇ ಗುಂಪಿನವರು.

ಸಾಲದ ವಿಷಯದಲ್ಲೇ ಇನ್ನೊಂದು ತೊಡಕಿದೆ. ಹೊಸ ಕೆಲಸಕ್ಕೆ ಸೇರಿದವರಿಗೆ ಪ್ರೊಬೇಷನ್ ಮುಗಿಯುವ ತನಕ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಕನಿಷ್ಠ ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತವೆ. ಹಳೆಯ ಕೆಲಸದ ಮೇಲೆ ಮಂಜೂರಾದ ಸಾಲವಿದ್ದರೂ ಹಣ ಬಿಡುಗಡೆಯ ಮುಂಚೆ ಕೆಲಸವನ್ನು ಮತ್ತೆ ಪರಿಶೀಲಿಸಬಹುದು. ಅಷ್ಟರಲ್ಲಿ ಮುಂಗಡ ಕೊಟ್ಟಾಗಿದ್ದರೆ ಕಷ್ಟ.

ಹಾಗಾದರೆ ಮಾಡಬೇಕಾದದ್ದೇನು? ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆ ಹಿಡಿಯಿರಿ. ಅದನ್ನೂ ಫೋಟೋ ನೋಡಿ ಹಿಡಿಯಬೇಡಿ. ಮೊದಲ ಎರಡು ಮೂರು ವಾರ ಪಿ.ಜಿ.ಯಲ್ಲೋ ನೆಂಟರ ಮನೆಯಲ್ಲೋ ಕಳೆಯಿರಿ. ಕರಾರಿನಲ್ಲಿ ಮೂರು ಸಾಲುಗಳನ್ನು ಹುಡುಕಿ ಓದಿ: ಎಷ್ಟು ತಿಂಗಳ ಮುಂಚೆ ನೋಟಿಸ್ ಕೊಡಬೇಕು, ಇಷ್ಟು ತಿಂಗಳು ಬಿಡುವಂತಿಲ್ಲ ಎನ್ನುವ ಲಾಕ್-ಇನ್ ಅವಧಿ ಇದೆಯೇ, ಬಿಡುವಾಗ ಸುಣ್ಣ-ಬಣ್ಣಕ್ಕೆಂದು ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಲೀಸ್ ಎಂದು ಕರೆಯುವ ಭೋಗ್ಯದ ಮನೆ ಆಕರ್ಷಕವಾಗಿ ಕಾಣುತ್ತದೆ. ದೊಡ್ಡ ಮೊತ್ತ ಒಮ್ಮೆ ಕೊಟ್ಟರಾಯಿತು, ತಿಂಗಳ ಬಾಡಿಗೆ ಇಲ್ಲ. ಆದರೆ ಮಾಲೀಕ ಆ ಮನೆಯ ಮೇಲೆ ಸಾಲ ಮಾಡಿ ಕಟ್ಟದೆ ಬಿಟ್ಟರೆ ಬ್ಯಾಂಕು ಮನೆಯನ್ನು ಹರಾಜಿಗೆ ಇಡುತ್ತದೆ. ನೋಂದಣಿಯಾಗದ ಭೋಗ್ಯಪತ್ರ ಹಿಡಿದವರು ಆಗ ತಮ್ಮ ಹಣಕ್ಕಾಗಿ ಮಾಲೀಕನ ಬೆನ್ನು ಹತ್ತಬೇಕಾಗುತ್ತದೆ.

ಈ ಹನ್ನೊಂದು ತಿಂಗಳಲ್ಲಿ ಊರನ್ನು ಪರೀಕ್ಷೆ ಮಾಡಿ. ಮನೆ ಕೊಳ್ಳಬೇಕೆಂದಿರುವ ಬಡಾವಣೆಯಿಂದ ಕಚೇರಿಗೆ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಎಂಟೂವರೆಗೆ ಹೊರಟು ನೋಡಿ, ಸಂಜೆ ಆರಕ್ಕೆ ವಾಪಸ್ ಬನ್ನಿ, ಮಳೆ ಬಿದ್ದ ದಿನ ಇನ್ನೊಮ್ಮೆ. "ಏರ್‌ಪೋರ್ಟಿಗೆ ಅರ್ಧ ಗಂಟೆ" ಎಂದು ಬ್ರೋಕರ್ ಹೇಳುವುದು ಬಹುಶಃ ರಾತ್ರಿ ಎರಡರ ಲೆಕ್ಕ. ಮೆಟ್ರೊ ಇದ್ದರೆ ನಿಲ್ದಾಣಕ್ಕೆ ನಡೆದೇ ಹೋಗಿ ನೋಡಿ. ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು, ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಓಡುತ್ತಿರುವ ರೈಲಿಗೆ ಬೆಲೆ ಕೊಡಿ, ಬರಲಿರುವ ರೈಲಿಗೆ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರ್‌ಗೆ ಸಾವಿರ ರೂಪಾಯಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಚಾಲನೆಯಾಯಿತು. ಆದರೆ ಹಳ್ಳಿಯ ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ನಿಮ್ಮ ಕಟ್ಟಡಕ್ಕೆ ನೀರು ಬರುತ್ತಿದೆ ಎಂದಲ್ಲ. "ಕಾವೇರಿ ಇದೆ" ಎನ್ನುವವರಿಂದ ಜಲಮಂಡಳಿಯ ಇತ್ತೀಚಿನ ಬಿಲ್ ಕೇಳಿ. ಅಪಾರ್ಟ್‌ಮೆಂಟ್ ಸಂಘದಿಂದ ಮಾರ್ಚ್, ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಖರ್ಚಿನ ಲೆಕ್ಕ ಕೇಳಿ. ಸಂಪಿನ ಮುಚ್ಚಳ ತೆಗೆಸಿ ಒಳಕ್ಕೆ ಬರುವ ಕೊಳವೆ ಎಷ್ಟಿವೆ, ಯಾವುದರಿಂದ ನೀರು ಬೀಳುತ್ತಿದೆ ನೋಡಿ. ಕಾವೇರಿಯ ಕೊಳವೆಯ ಬಾಯಿ ಒಣಗಿ ಜೇಡ ಕಟ್ಟಿದ್ದರೆ ಮತ್ತೇನನ್ನೂ ಕೇಳುವ ಅಗತ್ಯವಿಲ್ಲ.

ಮನೆಯನ್ನು ಆಗಸ್ಟ್-ಸೆಪ್ಟೆಂಬರ್ ಮಳೆಯಲ್ಲಿ ನೋಡಿದರೆ ಒಳ್ಳೆಯದು. ಬಚ್ಚಲುಮನೆಯ ಆಚೆ ಬದಿಯ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕೆಳಗಡೆ, ಗೋಡೆಯ ಬುಡದ ಟೈಲ್ಸ್ ಪಟ್ಟಿಯಾದ ಸ್ಕರ್ಟಿಂಗ್ ಹತ್ತಿರ, ಉಗುರಿನಿಂದ ಒತ್ತಿ ನೋಡಿ. ಗಾರೆ ಪುಡಿಯಾಗಿ ಉದುರಿದರೆ ಒಳಗೆ ತೇವವಿದೆ. ಮೇಲಂತಸ್ತಿನ ಮನೆಯಾದರೆ ತಾರಸಿಯ ಮೂಲೆಗಳನ್ನೂ ಹೀಗೆಯೇ ನೋಡಬೇಕು.

ದೂರದಿಂದ ಕೊಂಡಾಗ ಕೆಡುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಿ, "ಇನ್ನೊಬ್ಬರು ನಾಳೆ ಬರ್ತಾರೆ, ಇವತ್ತೇ ಟೋಕನ್ ಹಾಕಿ" ಎಂದು ಅವಸರ ಮಾಡುತ್ತಾರೆ. ಟೋಕನ್ ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಡಿ. ವಕೀಲರು ಹಕ್ಕುಪತ್ರ ಸರಿಯಿಲ್ಲ ಎಂದರೆ ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ ಇಷ್ಟು ದಿನದಲ್ಲಿ ಪೂರ್ತಿ ವಾಪಸ್ ಎಂದು ಬರೆಸಿಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ, ಆಸ್ತಿಯ ಮೇಲಿನ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನು 2004ರಿಂದೀಚಿನದಕ್ಕೆ ಮನೆಯಲ್ಲೇ ಕೂತು ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ಪಾಲಿಕೆಯ ಡಿಜಿಟಲ್ ದಾಖಲೆಯಾದ ಇ-ಖಾತಾ ಇಲ್ಲದೆ ಬೆಂಗಳೂರಿನಲ್ಲಿ ನೋಂದಣಿಯೇ ಆಗುವುದಿಲ್ಲ. ಕರಡು ಪ್ರತಿ ಸಾಲದು, ಅಂತಿಮ ಇ-ಖಾತಾ ಬೇಕು. ಅದು ನಿಯಮಬದ್ಧ ಆಸ್ತಿಯ ಎ ಖಾತೆಯೋ, ನಿಯಮ ಪೂರ್ತಿ ಪಾಲಿಸದ ಆಸ್ತಿಯ ಬಿ ಖಾತೆಯೋ ನೋಡಿ, ಬಿ ಖಾತೆಗೆ ಬಹುತೇಕ ಬ್ಯಾಂಕುಗಳು ಸುಲಭವಾಗಿ ಸಾಲ ಕೊಡುವುದಿಲ್ಲ. ಕಟ್ಟಡದಲ್ಲಿ ವಾಸಿಸಬಹುದೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರೂ ಓ.ಸಿ. ಎನ್ನುವುದು, ಇಲ್ಲದ ಕಟ್ಟಡವನ್ನು ಎಷ್ಟೇ ಅಗ್ಗವಾದರೂ ಬಿಡಿ. ಓ.ಸಿ. ನೋಡದೆ ಸಾಲ ಮತ್ತು ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಂಥ ಮನೆಯನ್ನು ಮುಂದೆ ಮಾರುವುದೂ ಕಷ್ಟ. ಮಾರುವವರ ಸಾಲ ಇನ್ನೂ ಬಾಕಿ ಇದ್ದರೆ ಮೂಲಪತ್ರಗಳು ಅವರ ಬ್ಯಾಂಕಿನಲ್ಲಿರುತ್ತವೆ. ಬಾಕಿ ಮೊತ್ತದ ಪತ್ರ, ಅಲ್ಲಿರುವ ದಾಖಲೆಗಳ ಪಟ್ಟಿ ಎರಡನ್ನೂ ಬ್ಯಾಂಕಿನಿಂದಲೇ ಬರೆಸಿ ತರಿಸಿ. ಬೆಲೆ 50 ಲಕ್ಷ ಮುಟ್ಟಿದರೆ ಶೇಕಡ 1 ತೆರಿಗೆ ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಮಾರುವವರು ಅನಿವಾಸಿ ಭಾರತೀಯರಾದರೆ ಈ ಶೇಕಡ 1ರ ನಿಯಮ ಅನ್ವಯಿಸುವುದಿಲ್ಲ, ಹಿಡಿಯಬೇಕಾದದ್ದು ಬಹಳ ಹೆಚ್ಚು; ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬೇಡಿ.

ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಶೇಕಡ 5 ಜಿ.ಎಸ್.ಟಿ. ಸೇರುತ್ತದೆ. ಕಂತೂ ಬಾಡಿಗೆಯೂ ಒಟ್ಟೊಟ್ಟಿಗೆ ನಡೆಯುತ್ತವೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದ ಜಾಲತಾಣದಲ್ಲಿ ಆ ಯೋಜನೆ ಮುಗಿಯಬೇಕಿದ್ದ ಮೊದಲ ದಿನಾಂಕ ಯಾವುದು, ಎಷ್ಟು ಸಲ ಮುಂದಕ್ಕೆ ಹೋಗಿದೆ ನೋಡಿ. ಕ್ರಯದ ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಕೇಳಲು ಬಿಲ್ಡರ್‌ಗೆ ಹಕ್ಕಿಲ್ಲ.

ಮುಂಚೆಯೇ ಕೊಂಡರೂ ಸರಿ ಎನ್ನಬಹುದಾದ ಸಂದರ್ಭಗಳು ಇಲ್ಲವೆಂದಲ್ಲ. ಹಿಂದೆ ಆರೆಂಟು ವರ್ಷ ಇದ್ದ ಬಡಾವಣೆಗೇ ಮರಳುವವರು, ಓ.ಸಿ. ಇರುವ ಸಿದ್ಧ ಮನೆಯನ್ನು ಪರಿಚಿತರಿಂದಲೇ ಕೊಳ್ಳುವವರು ಕಾಯಬೇಕಿಲ್ಲ. ಸಹಿಗೆ ಬರಲಾಗದಿದ್ದರೆ ಆ ಒಂದು ವ್ಯವಹಾರಕ್ಕಷ್ಟೇ ಸೀಮಿತವಾದ ಅಧಿಕಾರಪತ್ರವನ್ನು ಮನೆಯವರಲ್ಲೊಬ್ಬರಿಗೆ ಕೊಡಿ. ಬ್ರೋಕರ್ ಹೆಸರಿಗೆ ಎಂದೂ ಬೇಡ.

ಊರಿನ ಮನೆ ಮಾರಿದವರು ತೆರಿಗೆಗೆ ಹೆದರಿ ಅವಸರ ಪಡುವುದುಂಟು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕೈಯಲ್ಲಿದ್ದ ಮನೆ ಮಾರಿದ ಲಾಭಕ್ಕೆ ವಿನಾಯಿತಿ ಬೇಕಾದರೆ, ಮಾರಿದ ದಿನದಿಂದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಬಹುದು, ಕಟ್ಟಿಸುವುದಾದರೆ ಮೂರು ವರ್ಷ. ಆ ವರ್ಷದ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಖರ್ಚಾಗದ ಲಾಭದ ಮೊತ್ತವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಟ್ಟರಾಯಿತು. ಉಳಿತಾಯ ಖಾತೆಯಲ್ಲೋ ಮಾಮೂಲಿ ಠೇವಣಿಯಲ್ಲೋ ಬಿಟ್ಟರೆ ಆ ಮೊತ್ತಕ್ಕೆ ವಿನಾಯಿತಿ ಸಿಗುವುದಿಲ್ಲ. ಮೇಲೆ ಹೇಳಿದ ಹನ್ನೊಂದು ತಿಂಗಳು ಈ ಅವಧಿಯೊಳಗೆ ಧಾರಾಳವಾಗಿ ಹಿಡಿಸುತ್ತದೆ.

ನಮಸ್ಕಾರ.